ಧಮನಿ ತೆರೆದಿದೆ, ಎದೆ ಬೆದರಿದೆ

ಕೆಟ್ಟ ಸುದ್ದಿ ಕೇಳಿ ‘ಎದೆಯೊಡೆದು’ ಸತ್ತರೆಂದು ಹಿರಿಯರು ಹೇಳುತ್ತಿದ್ದುದುಂಟು. ಅದು ಬರಿಯ ಅಲಂಕಾರದ ಮಾತಲ್ಲವೆಂದು ಈಗ ವೈದ್ಯರೂ ಒಪ್ಪುತ್ತಾರೆ. ವಿಚಿತ್ರವೆಂದರೆ, ಎದೆಯನ್ನು ಉಳಿಸಲೆಂದು ಮಾಡಿದ ಚಿಕಿತ್ಸೆಯ ಬೆನ್ನಿಗೇ ಅದು ಹೀಗೆ ಬೆದರುವುದೂ ಉಂಟು.

ಬೆಂಗಳೂರಿನ ಹೊರವಲಯಕ್ಕೆ ಹೃದಯಚಿಕಿತ್ಸೆ ಹೊಸದಲ್ಲ. ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಬಾಗಿಲು ತೆರೆದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ರೋಗಿಗಳಿಂದ ಹಣ ಪಡೆಯುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಾಚೆ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯವಿದೆ. ಪೀಣ್ಯದ ಕಾರ್ಮಿಕನ ಮನೆಯಲ್ಲಿಯೂ ‘ಆಂಜಿಯೋಪ್ಲಾಸ್ಟಿ’ ಇಂದು ಪರಿಚಿತ ಶಬ್ದ. ಮಣಿಕಟ್ಟಿನಿಂದಲೋ ತೊಡೆಸಂದಿಯಿಂದಲೋ ತೆಳು ನಳಿಕೆಯನ್ನು ಹೃದಯದ ಬಳಿಗೊಯ್ದು, ಕಟ್ಟಿಕೊಂಡ ಧಮನಿಯನ್ನು ಬಲೂನಿನಿಂದ ಹಿಗ್ಗಿಸುವ ಈ ವಿದ್ಯೆಯನ್ನು 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲು ಮಾಡಿ ತೋರಿಸಿದರು. ಈಗ ಅಲ್ಲಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನೂ ಕೂರಿಸುತ್ತಾರೆ.

ಎಲ್ಲವೂ ಸುಸೂತ್ರವಾಯಿತೆಂದು ಮನೆಯವರು ಕಾಫಿಗೆ ಹೊರಟಿರುತ್ತಾರೆ. ಅಷ್ಟರಲ್ಲಿ, ಅಪರೂಪಕ್ಕೊಮ್ಮೆ, ರೋಗಿಗೆ ಮತ್ತೆ ಎದೆನೋವು, ಏದುಸಿರು. ಇ.ಸಿ.ಜಿ. ಹೃದಯಾಘಾತವನ್ನೇ ಹೋಲುತ್ತದೆ. ಸ್ಟೆಂಟ್ ಕಟ್ಟಿಕೊಂಡಿತೇ? ವೈದ್ಯರ ಮೊದಲ ಸಂಶಯ ಅದೇ. ಅದು ನ್ಯಾಯವೂ ಹೌದು. ಆದರೆ ಮತ್ತೆ ಪರೀಕ್ಷಿಸಿದರೆ ಧಮನಿಯಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದೆ! ಕೆಟ್ಟಿರುವುದು ಸ್ನಾಯು. ಎಡ ಹೃತ್ಕುಕ್ಷಿಯ ತುದಿ ಕುಗ್ಗಲಾರದೆ ಉಬ್ಬಿ ನಿಂತಿದೆ. ಬುಡ ಮಾತ್ರ ರಭಸದಿಂದ ಮಿಡಿಯುತ್ತಿದೆ.

1990ರಲ್ಲಿ ಜಪಾನಿನ ಹಿಕಾರು ಸಾಟೊ ಮತ್ತು ಸಂಗಡಿಗರು ಈ ಆಕಾರಕ್ಕೆ ‘ಟಾಕೊತ್ಸುಬೊ’ ಎಂದು ಹೆಸರಿಟ್ಟರು. ಅಲ್ಲಿಯ ಬೆಸ್ತರು ಆಕ್ಟೋಪಸ್ ಹಿಡಿಯಲು ಕಡಲಿಗಿಳಿಸುವ ಕಿರಿಗೊರಳಿನ ಮಡಕೆಯದು. ಕನ್ನಡಿಗರು ಕಂಡಿದ್ದರೆ ತಂಬಿಗೆ ಎನ್ನುತ್ತಿದ್ದರೇನೋ! ಭಯ, ನೋವು, ಆತಂಕಗಳು ಉಕ್ಕಿಸುವ ಅಡ್ರಿನಲಿನ್ ಮೊದಲಾದ ರಸಗಳು ಹೃದಯದ ಸ್ನಾಯುವನ್ನು ಮಂಕಾಗಿಸುತ್ತವೆಂಬುದು ಬಲವಾದ ಅಭಿಪ್ರಾಯ. ಈ ಬೇನೆಗೆ ಈಡಾದ 10 ಮಂದಿಯಲ್ಲಿ ಸುಮಾರು 9 ಮಂದಿ ಸ್ತ್ರೀಯರು, ಹೆಚ್ಚಿನವರು ಮುಟ್ಟು ನಿಂತವರು.

“ಏನಿಲ್ಲ ಕಣೋ, ಬರೀ ಗಾಬರಿ” ಎಂದು ಮಗನನ್ನು ಕೆಲಸಕ್ಕೆ ಕಳುಹಿಸುವ ತಾಯಂದಿರು ಇದ್ದೇ ಇದ್ದಾರೆ. ಆ ಮಾತನ್ನು ನಂಬುವುದು ಅಪಾಯ. ಮೊದಲ ದಿನಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು, ರಕ್ತದೊತ್ತಡ ಕುಸಿಯಬಹುದು, ಸಾವೂ ಸಂಭವಿಸಿದೆ. ಹೃದಯವನ್ನು ಹುರಿದುಂಬಿಸುವ ಕೆಲವು ಔಷಧಗಳೇ ಕೆಲವರಲ್ಲಿ ಕೇಡನ್ನು ಹೆಚ್ಚಿಸಬಲ್ಲವು. ಎಕೋ ಪರೀಕ್ಷೆಯಿಂದ ಬೇನೆಯನ್ನು ಬೇಗ ಗುರುತಿಸಬೇಕಾದುದು ಇದಕ್ಕಾಗಿಯೇ. ಆ ಘಟ್ಟ ದಾಟಿದ ಬಹುಮಂದಿಯ ಹೃದಯ ಕೆಲವು ವಾರಗಳಲ್ಲಿ ಹಿಂದಿನ ಆಕಾರಕ್ಕೆ ಮರಳುತ್ತದೆ. ಹಾಗೆಂದು ಸ್ಟೆಂಟ್‌ಗಾಗಿ ಕೊಟ್ಟ ಮಾತ್ರೆಗಳನ್ನು ವೈದ್ಯರು ಹೇಳದೆ ಬಿಡುವಂತಿಲ್ಲ; ಅವು ಬೇರೆಯೇ ಕಾವಲಿಗೆ ಇರುವಂಥವು.