ಪೋಪರ ಜೊತೆ ಪ್ರಾರ್ಥಿಸಬಹುದು, ಪೋಪರ ಮತ ಸೇರುವಂತಿಲ್ಲ

2025ರ ಅಕ್ಟೋಬರ್ 23ರಂದು ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್ ಮತ್ತು ಪೋಪ್ ಹದಿನಾಲ್ಕನೇ ಲಿಯೊ ಒಟ್ಟಾಗಿ ಪ್ರಾರ್ಥನೆ ಸಲ್ಲಿಸಿದರು. ಪ್ರಾರ್ಥನೆ ನಡೆಸಿಕೊಡುವಾಗ ಪೋಪರ ಜೊತೆಗಿದ್ದವರು ಆಂಗ್ಲಿಕನ್ ಸಭೆಯ ಯಾರ್ಕ್ ಆರ್ಚ್‌ಬಿಷಪ್. ಎಂಟನೇ ಹೆನ್ರಿ 1534ರಲ್ಲಿ ರೋಮ್‌ನ ನಂಟು ಕಡಿದುಕೊಂಡ ಮೇಲೆ ಇಂಗ್ಲೆಂಡಿನ ಅರಸನೊಬ್ಬ ಪೋಪರೊಂದಿಗೆ ಬಹಿರಂಗವಾಗಿ ಪ್ರಾರ್ಥಿಸಿದ್ದು ಅದೇ ಮೊದಲು. ಐನೂರು ವರ್ಷಗಳ ಮುನಿಸು ಮುಗಿಯಿತು ಎಂದು ಪತ್ರಿಕೆಗಳು ಬರೆದವು.

ಆದರೆ ಅದೇ ಚಾರ್ಲ್ಸ್ ಅಂದು ಕ್ಯಾಥೊಲಿಕ್ ಪಂಥಕ್ಕೆ ಸೇರಿಬಿಟ್ಟಿದ್ದರೆ, ಕಿರೀಟ ಅಲ್ಲಿಂದಲೇ ಮಗ ವಿಲಿಯಂ ಪಾಲಾಗುತ್ತಿತ್ತು. ಸಂಸತ್ತು ಸಭೆ ಸೇರಬೇಕಿರಲಿಲ್ಲ, ಮತಕ್ಕೆ ಹಾಕಬೇಕಿರಲಿಲ್ಲ. ಕ್ಯಾಥೊಲಿಕ್ ಆದ ಅರಸ ಸತ್ತವನಿಗೆ ಸಮಾನ, ಮುಂದಿನ ಪ್ರಾಟೆಸ್ಟೆಂಟ್ ವಾರಸುದಾರನಿಗೆ ಪಟ್ಟ ತಾನಾಗಿ ಸಲ್ಲುತ್ತದೆ ಎಂದು ಹದಿನೇಳನೇ ಶತಮಾನದಲ್ಲೇ ಕಾನೂನು ಬರೆದಿಟ್ಟಿದೆ. ಪ್ರಜೆಗಳಲ್ಲಿ ಯಾರು ಯಾವ ದೇವರನ್ನಾದರೂ ನಂಬಬಹುದಾದ, ಯಾವ ದೇವರನ್ನೂ ನಂಬದೆ ಇರಬಹುದಾದ ದೇಶದಲ್ಲಿ ಆ ಸ್ವಾತಂತ್ರ್ಯ ಇಲ್ಲದವರು ಸಿಂಹಾಸನದ ಮೇಲೆ ಕೂತವರು ಮತ್ತು ಕೂರಬೇಕೆಂದಿರುವವರು ಮಾತ್ರ.

ಇದನ್ನು ಹಳೆಯ ಕಾಲದ ಮತಾಂಧತೆ ಎಂದು ತಳ್ಳಿಹಾಕುವುದು ಸುಲಭ. ದ್ವೇಷವಂತೂ ಬೇಕಾದಷ್ಟಿತ್ತು. ಆದರೆ ಈ ಕಾನೂನಿನ ಹುಟ್ಟು ನೋಡಿದರೆ, ಅರಸ ಯಾರಿಗೆ ಕೈಮುಗಿಯುತ್ತಾನೆ ಎನ್ನುವುದಕ್ಕಿಂತ ಅವನು ಯಾರ ಮಾತು ಕೇಳುತ್ತಾನೆ ಎನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ಸಂಸತ್ತು, ಅರಸನನ್ನು ಆರಿಸುವ ಅಧಿಕಾರವನ್ನೇ ತನ್ನ ಕೈಗೆ ತೆಗೆದುಕೊಂಡಿತು.

ಕೆಂಡದ ಪಾತ್ರೆಯಲ್ಲಿ ಬಂದ ಕೂಸು

ಹದಿನೇಳನೇ ಶತಮಾನದ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಧರ್ಮಪತ್ನಿಯಲ್ಲಿ ಮಕ್ಕಳಿರಲಿಲ್ಲ. ಪಟ್ಟ ತಮ್ಮ ಜೇಮ್ಸ್‌ಗೆ ಹೋಗಬೇಕು. ಜೇಮ್ಸ್ ಒಳಗೊಳಗೇ ಕ್ಯಾಥೊಲಿಕ್ ಆಗಿದ್ದ. ಸರ್ಕಾರಿ ಹುದ್ದೆಯಲ್ಲಿರುವವರು ಕ್ಯಾಥೊಲಿಕ್ ನಂಬಿಕೆಗಳನ್ನು ನಿರಾಕರಿಸಿ ಪ್ರಮಾಣ ಮಾಡಬೇಕೆಂದು 1673ರಲ್ಲಿ ಕಾಯ್ದೆ ಬಂದಾಗ ಆತ ನೌಕಾಪಡೆಯ ಮುಖ್ಯಸ್ಥನ ಹುದ್ದೆ ಬಿಟ್ಟ. ಗುಟ್ಟು ರಟ್ಟಾಯಿತು. 1679ರಿಂದ 1681ರವರೆಗೆ ಅವನನ್ನು ಉತ್ತರಾಧಿಕಾರದಿಂದ ಕೈಬಿಡುವ ಮಸೂದೆಗಾಗಿ ಸಂಸತ್ತಿನಲ್ಲಿ ಮತ್ತೆ ಮತ್ತೆ ಪ್ರಯತ್ನ ನಡೆಯಿತು. ಅಣ್ಣ ಸಂಸತ್ತನ್ನೇ ವಿಸರ್ಜಿಸಿ ತಮ್ಮನನ್ನು ಉಳಿಸಿಕೊಂಡ. ಬ್ರಿಟನ್ನಿನ ಹಳೆಯ ಪಕ್ಷಗಳಾದ ವಿಗ್ ಮತ್ತು ಟೋರಿ ಹುಟ್ಟಿದ್ದು ಈ ಜಗಳದಲ್ಲೇ.

1685ರಲ್ಲಿ ಜೇಮ್ಸ್ ದೊರೆಯಾದ. ಜನ ಸಹಿಸಿಕೊಂಡರು. ಅವನಿಗೆ ವಯಸ್ಸು ಐವತ್ತು ದಾಟಿತ್ತು. ಮೊದಲ ಹೆಂಡತಿಯ ಹೆಣ್ಣುಮಕ್ಕಳಾದ ಮೇರಿ ಮತ್ತು ಆನ್ ಇಬ್ಬರೂ ಪ್ರಾಟೆಸ್ಟೆಂಟರಾಗಿಯೇ ಬೆಳೆದಿದ್ದರು. ಇವನೊಬ್ಬ ಕಣ್ಣುಮುಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಲೆಕ್ಕಾಚಾರ.

1688ರ ಜೂನ್ 10ರಂದು ಆ ಲೆಕ್ಕ ತಲೆಕೆಳಗಾಯಿತು. ಕ್ಯಾಥೊಲಿಕ್ ಆಗಿದ್ದ ಎರಡನೇ ರಾಣಿಗೆ ಸೇಂಟ್ ಜೇಮ್ಸ್ ಅರಮನೆಯಲ್ಲಿ ಗಂಡುಮಗು ಹುಟ್ಟಿತು. ಗಂಡು ಹುಟ್ಟಿದರೆ ಅಕ್ಕಂದಿರು ಹಿಂದಕ್ಕೆ; ಕ್ಯಾಥೊಲಿಕ್ ದೊರೆಗಳ ಸಾಲೇ ಶುರುವಾದಂತೆ. ರಾಜವಂಶದ ಹೆರಿಗೆಗೆ ಸಾಕ್ಷಿಗಳಿರುವುದು ವಾಡಿಕೆ, ಅಂದು ಕೋಣೆಯ ತುಂಬ ಜನ ತುಂಬಿದ್ದರು. ಆದರೂ ಊರ ತುಂಬ ಗುಲ್ಲೆದ್ದಿತು: ಇದು ರಾಣಿ ಹೆತ್ತ ಕೂಸಲ್ಲ, ಹಾಸಿಗೆ ಬೆಚ್ಚಗಾಗಿಸಲು ಕೆಂಡ ತುಂಬುವ ಉದ್ದ ಹಿಡಿಯ ಪಾತ್ರೆಯಲ್ಲಿಟ್ಟು ಯಾರದೋ ಮಗುವನ್ನು ಒಳಗೆ ಸಾಗಿಸಿದ್ದಾರೆ! ಮಗುವಿನ ಮಲಅಕ್ಕ ಆನ್ ಕೂಡ ಅದನ್ನು ಸುಳ್ಳೆಂದು ತಳ್ಳಿಹಾಕಲಿಲ್ಲ. ಅಕ್ಟೋಬರ್‌ನಲ್ಲಿ ಜೇಮ್ಸ್ ನಲವತ್ತಕ್ಕೂ ಹೆಚ್ಚು ಸಾಕ್ಷಿಗಳನ್ನು ತನ್ನ ಮಂತ್ರಾಲೋಚನ ಸಭೆಯ ಮುಂದೆ ನಿಲ್ಲಿಸಿ, ಬಾಣಂತಿ ಕೋಣೆಯ ಒಳಗಿನ ವಿವರಗಳನ್ನೆಲ್ಲ ಹೇಳಿಸಿ, ಅಚ್ಚು ಹಾಕಿಸಿದ. ತನ್ನ ಮಗ ತನ್ನವನೇ ಎಂದು ದೊರೆ ರುಜುವಾತು ಮಾಡಬೇಕಾದ ಹೊತ್ತಿಗೆ ಅವನ ಆಟ ಮುಗಿದಿತ್ತು.

ನವೆಂಬರ್ 5ರಂದು ಮೇರಿಯ ಗಂಡ, ಡಚ್ ನಾಯಕ ವಿಲಿಯಂ ಸೈನ್ಯದೊಂದಿಗೆ ಟೋರ್ಬೇಯಲ್ಲಿ ಇಳಿದ. ಡಿಸೆಂಬರ್‌ನಲ್ಲಿ ಜೇಮ್ಸ್ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಫ್ರಾನ್ಸಿನ ಕಡೆಗೆ ಓಡಿದ. 1689ರ ಹಕ್ಕುಗಳ ಶಾಸನ ಅನುಭವದ ಪಾಠವನ್ನು ಬರೆದಿಟ್ಟಿತು: ಕ್ಯಾಥೊಲಿಕ್ ದೊರೆಯಾಗಲಿ, ಕ್ಯಾಥೊಲಿಕರನ್ನು ಮದುವೆಯಾದ ದೊರೆಯಾಗಲಿ ಈ ಪ್ರಾಟೆಸ್ಟೆಂಟ್ ರಾಜ್ಯದ ಕ್ಷೇಮಕ್ಕೆ ಹೊಂದುವುದಿಲ್ಲ. ಅಂಥವರಿಗೆ ಪ್ರಜೆಗಳು ನಿಷ್ಠರಾಗಿರಬೇಕಾಗಿಲ್ಲ.

ಐವತ್ತು ಜನರನ್ನು ದಾಟಿ ಬಂದ ಪಟ್ಟ

ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಜೇಮ್ಸ್‌ನ ಬದಲು ಪಟ್ಟಕ್ಕೆ ಬಂದ ವಿಲಿಯಂ–ಮೇರಿಗೆ ಮಕ್ಕಳಾಗಲಿಲ್ಲ. ಆನ್ ಹದಿನೇಳು ಬಾರಿ ಗರ್ಭಿಣಿಯಾದರೂ ಉಳಿದು ಬೆಳೆದವನು ಒಬ್ಬನೇ. ಅವನೂ 1700ರ ಜುಲೈನಲ್ಲಿ, ಹನ್ನೊಂದು ತುಂಬಿದ ಕೆಲವೇ ದಿನಗಳಿಗೆ ತೀರಿಕೊಂಡ. ರಕ್ತಸಂಬಂಧವನ್ನೇ ಹಿಡಿದು ಹೋದರೆ ಪಟ್ಟ ಮತ್ತೆ ಫ್ರಾನ್ಸಿನಲ್ಲಿದ್ದ ಆ ಕೂಸಿನ ಬಾಗಿಲಿಗೇ ಹೋಗುತ್ತದೆ.

1701ರ ಆ್ಯಕ್ಟ್ ಆಫ್ ಸೆಟಲ್‌ಮೆಂಟ್ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ವಂಶವೃಕ್ಷದಲ್ಲಿ ಐವತ್ತಕ್ಕೂ ಹೆಚ್ಚು ಕ್ಯಾಥೊಲಿಕರನ್ನು ದಾಟಿ ಸಂಸತ್ತು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ನಿಂತಿತು. ಒಂದನೇ ಜೇಮ್ಸ್‌ನ ಮೊಮ್ಮಗಳು ಸೋಫಿಯಾ ಮತ್ತು ಅವಳ ಪ್ರಾಟೆಸ್ಟೆಂಟ್ ಸಂತತಿಗೆ ಪಟ್ಟ ಎಂದು ಬರೆಯಿತು. ಆಗಲೇ ಅವಳಿಗೆ ಎಪ್ಪತ್ತು. 1714ರ ಜೂನ್‌ನಲ್ಲಿ ಹೆರೆನ್‌ಹೌಸೆನ್ ಉದ್ಯಾನದಲ್ಲಿ ಮಳೆಗೆ ಸಿಕ್ಕಿ ಓಡುವಾಗ ಕುಸಿದು ಪ್ರಾಣ ಬಿಟ್ಟಳು. ಸುಮಾರು ಎರಡು ತಿಂಗಳಿಗೆ ರಾಣಿ ಆನ್ ತೀರಿಕೊಂಡಳು. ಇಂಗ್ಲಿಷ್ ಸರಿಯಾಗಿ ಬಾರದ, ಐವತ್ತನಾಲ್ಕು ವಯಸ್ಸಿನ ಸೋಫಿಯಾಳ ಮಗ ಒಂದನೇ ಜಾರ್ಜ್ ಎಂದು ಲಂಡನ್ನಿಗೆ ಬಂದ.

ಈ ಹಟಕ್ಕೆ ರಾಜಕೀಯ ಕಾರಣ ಗಟ್ಟಿಯಾಗಿತ್ತು. 1701ರ ಸೆಪ್ಟೆಂಬರ್‌ನಲ್ಲಿ ಜೇಮ್ಸ್ ಸತ್ತ ಕೂಡಲೇ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಅವನ ಮಗನನ್ನೇ ಇಂಗ್ಲೆಂಡಿನ ದೊರೆ ಎಂದು ಒಪ್ಪಿಕೊಂಡ. ಕ್ಯಾಥೊಲಿಕ್ ಅರಸ ಎಂದರೆ ಲೂಯಿಯ ಕೈಗೊಂಬೆ ಎಂಬ ಭಯಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ. ಅದೇ ಕಾಯ್ದೆಯಲ್ಲಿ ಇನ್ನೂ ಕೆಲವು ಮಾತುಗಳಿವೆ: ನ್ಯಾಯಾಧೀಶರನ್ನು ದೊರೆ ತನ್ನಿಷ್ಟಕ್ಕೆ ತೆಗೆಯುವಂತಿಲ್ಲ; ಹೊರನಾಡಿನವನು ದೊರೆಯಾದರೆ ಅವನ ತಾಯ್ನಾಡಿನ ಜಮೀನಿಗಾಗಿ ಸಂಸತ್ತಿನ ಒಪ್ಪಿಗೆಯಿಲ್ಲದೆ ಇಂಗ್ಲೆಂಡ್ ಯುದ್ಧ ಮಾಡುವುದಿಲ್ಲ. ಮತದ ಬೇಲಿಯನ್ನೂ ನ್ಯಾಯಾಂಗದ ಸ್ವಾತಂತ್ರ್ಯವನ್ನೂ ಒಂದೇ ಕೈ ಬರೆಯಿತು. ಎರಡರ ಗುರಿಯೂ ಅರಸನಿಗೆ ಮೂಗುದಾರ ಹಾಕುವುದೇ ಆಗಿತ್ತು.

ಮದುವೆ ಸಿಂಧುವಾಗಿದ್ದರೆ ಕಿರೀಟ ಇಲ್ಲ

ಕಾನೂನಿನ ಬಿಸಿ ಹೆಚ್ಚು ತಟ್ಟಿದ್ದು ಮದುವೆಗಳಿಗೆ. 1785ರ ಡಿಸೆಂಬರ್ 15ರಂದು ಯುವರಾಜ ಜಾರ್ಜ್, ಕ್ಯಾಥೊಲಿಕ್ ವಿಧವೆ ಮರಿಯಾ ಫಿಟ್ಜ್‌ಹರ್ಬರ್ಟ್‌ಳನ್ನು ಲಂಡನ್ನಿನ ಅವಳ ಮನೆಯಲ್ಲೇ ಗುಟ್ಟಾಗಿ ಮದುವೆಯಾದ. ಆ ಮದುವೆ ಸಿಂಧುವಾಗಿದ್ದರೆ ಅವನು ಪಟ್ಟ ಕಳೆದುಕೊಳ್ಳುತ್ತಿದ್ದ. ಅವನನ್ನು ಉಳಿಸಿದ್ದು ಇನ್ನೊಂದು ಕಾಯ್ದೆ: ರಾಜಕುಟುಂಬದವರು ದೊರೆಯ ಅಪ್ಪಣೆಯಿಲ್ಲದೆ ಆದ ಮದುವೆ ಮದುವೆಯೇ ಅಲ್ಲ ಎಂದು 1772ರಲ್ಲಿ ಅವನ ಅಪ್ಪನೇ ತಂದದ್ದು. ಹೀಗೆ ಹೆಂಡತಿಯನ್ನು ಕಾನೂನು ಅಳಿಸಿಹಾಕಿ ಗಂಡನ ಕಿರೀಟ ಕಾಪಾಡಿತು. ನಾಲ್ಕನೇ ಜಾರ್ಜ್ ಆಗಿ ಆಳಿ 1830ರಲ್ಲಿ ಸತ್ತಾಗ ಅವನ ಕೊರಳಲ್ಲಿ ಅವಳ ಪುಟ್ಟ ಚಿತ್ರ ಇತ್ತು, ಹಾಗೆಯೇ ಹೂಳಿದರು.

ನಮ್ಮ ಕಾಲದಲ್ಲಿ ಈ ಕಾನೂನಿನ ವಿಚಿತ್ರವೆಲ್ಲ ಒಂದೇ ಮನೆಯಲ್ಲಿ ಕಾಣಿಸಿತು. ಎರಡನೇ ಎಲಿಜಬೆತ್‌ರ ಚಿಕ್ಕಪ್ಪನ ಮಗ ಕೆಂಟ್‌ನ ಡ್ಯೂಕ್ ಎಡ್ವರ್ಡ್ 1961ರಲ್ಲಿ ಆಂಗ್ಲಿಕನ್ ಆಗಿದ್ದ ಕ್ಯಾಥರೀನ್‌ರನ್ನು ಮದುವೆಯಾದರು. 1994ರಲ್ಲಿ ಆಕೆ ಕ್ಯಾಥೊಲಿಕ್ ಆದರು. ಮದುವೆಯ ಹೊತ್ತಿಗೆ ಆಗಿರಲಿಲ್ಲವಲ್ಲ, ಹಾಗಾಗಿ ಡ್ಯೂಕ್‌ರ ಸರದಿಗೆ ಧಕ್ಕೆಯಾಗಲಿಲ್ಲ. ಅವರ ತಮ್ಮ ಮೈಕೆಲ್ 1978ರಲ್ಲಿ ಕ್ಯಾಥೊಲಿಕ್ ಹೆಣ್ಣನ್ನು ಕೈಹಿಡಿದು ಸರದಿಯಿಂದ ಹೊರಬಿದ್ದರು. ಮಕ್ಕಳನ್ನು ಆಂಗ್ಲಿಕನ್ನರಾಗಿ ಬೆಳೆಸುತ್ತೇವೆ ಎಂದಿದ್ದಕ್ಕೆ ಪೋಪರೂ ಅನುಮತಿ ಕೊಡಲಿಲ್ಲ. ವಿಯೆನ್ನಾದಲ್ಲಿ ರಿಜಿಸ್ಟರ್ ಮದುವೆ ಆಯಿತು. ಡ್ಯೂಕ್‌ರ ಮಕ್ಕಳಲ್ಲಿ ಒಬ್ಬರು ಕ್ಯಾಥೊಲಿಕರನ್ನು ಮದುವೆಯಾಗಿ, ಇನ್ನೊಬ್ಬರು 2001ರಲ್ಲಿ ತಾವೇ ಕ್ಯಾಥೊಲಿಕ್ ಆಗಿ ಹೊರನಡೆದರು. ಇವರೆಲ್ಲ ಹಿಂದೂವನ್ನೋ ಮುಸ್ಲಿಮರನ್ನೋ ನಾಸ್ತಿಕರನ್ನೋ ಮದುವೆಯಾಗಿದ್ದರೆ ಸರದಿಗೆ ಏನೂ ಆಗುತ್ತಿರಲಿಲ್ಲ. 1701ರವರ ಕಣ್ಣ ಮುಂದಿದ್ದ ಶತ್ರು ಒಬ್ಬನೇ. ಕಾನೂನಿನಲ್ಲಿ ಅವನ ಹೆಸರು ಮಾತ್ರ ಬಂತು.

ಮತ ಬಿಟ್ಟವರು, ಕಿರೀಟ ಬಿಟ್ಟವರು

ಇಂಥ ಷರತ್ತು ಬ್ರಿಟನ್ನಿಗಷ್ಟೇ ಸೀಮಿತವಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಲ್ಲಿ ದೊರೆ ಲೂಥರನ್ ನಂಬಿಕೆಯವರೇ ಆಗಿರಬೇಕು. ಜೋರ್ಡಾನಿನ ಸಂವಿಧಾನದ 28ನೇ ವಿಧಿ ದೊರೆ ಮುಸ್ಲಿಮನೂ ಮುಸ್ಲಿಂ ತಂದೆತಾಯಿಯ ಮಗನೂ ಆಗಿರಬೇಕು ಎನ್ನುತ್ತದೆ. ಥಾಯ್ಲೆಂಡಿನ ದೊರೆ ಬೌದ್ಧ, ಜೊತೆಗೆ ಎಲ್ಲ ಮತಗಳ ಪೋಷಕ. 1990ರ ನೇಪಾಳ ಸಂವಿಧಾನ ದೊರೆ ಹಿಂದೂ ಆಗಿರಬೇಕೆಂದಿತ್ತು. 2008ರಲ್ಲಿ ಅರಸೊತ್ತಿಗೆಯೇ ಹೋಯಿತು.

ಈ ಬಾಗಿಲಲ್ಲಿ ನಿಂತವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಫ್ರಾನ್ಸಿನ ನಾಲ್ಕನೇ ಹೆನ್ರಿ 1593ರಲ್ಲಿ ಪ್ರಾಟೆಸ್ಟೆಂಟ್ ಮತ ಬಿಟ್ಟು ಸಿಂಹಾಸನ ಗಟ್ಟಿ ಮಾಡಿಕೊಂಡ. ನೆಪೋಲಿಯನ್ನನ ದಳಪತಿ ಬರ್ನಡಾಟ್ 1810ರಲ್ಲಿ ಲೂಥರನ್ ಆಗಿ ಸ್ವೀಡನ್ನಿನ ಯುವರಾಜನಾದ. ಅವನ ವಂಶವೇ ಇಂದಿಗೂ ಅಲ್ಲಿ ಆಳುತ್ತಿದೆ. ಅದೇ ಸ್ವೀಡನ್ನಿನ ರಾಣಿ ಕ್ರಿಸ್ಟೀನಾ 1654ರಲ್ಲಿ ಪಟ್ಟ ಬಿಟ್ಟು, ಮರುವರ್ಷ ಬಹಿರಂಗವಾಗಿ ಕ್ಯಾಥೊಲಿಕ್ ಆಗಿ ರೋಮ್ ಸೇರಿದ್ದಳು. ಕೆಂಡದ ಪಾತ್ರೆಯ ಕೂಸೆಂದು ಹಳಿಸಿಕೊಂಡ ಜೇಮ್ಸ್‌ನ ಮಗ ಕೂಡ ಅಂಥವನೇ. ಆನ್‌ಳ ಕೊನೆಗಾಲದಲ್ಲಿ ಮತ ಬದಲಿಸಿದರೆ ಪಟ್ಟದ ದಾರಿ ತೆರೆದೀತು ಎಂಬ ಸೂಚನೆ ಹೋದಾಗ ಅವನು ಒಪ್ಪಲಿಲ್ಲ.

ಕೊಡಗಿನ ಗೌರಮ್ಮ, ವಿಕ್ಟೋರಿಯಾ ರಾಣಿ

ತಮ್ಮ ಸಿಂಹಾಸನಕ್ಕೆ ಈ ಬೀಗ ಹಾಕಿಕೊಂಡ ಬ್ರಿಟಿಷರು ಭಾರತದಲ್ಲಿ ಬೇರೆಯೇ ನ್ಯಾಯ ಮಾಡಿದರು. ಮತ ಬಿಟ್ಟವನು, ಜಾತಿಯಿಂದ ಹೊರಹಾಕಿಸಿಕೊಂಡವನು ಪಿತ್ರಾರ್ಜಿತದ ಹಕ್ಕು ಕಳೆದುಕೊಳ್ಳುತ್ತಾನೆ ಎಂಬ ರೂಢಿ ಇನ್ನು ನಡೆಯದು ಎಂದು 1850ರ 21ನೇ ಕಾಯ್ದೆಯ ಮೂಲಕ ಕಂಪನಿ ಸರ್ಕಾರ ಸಾರಿತು. ಮಿಷನರಿಗಳಿಗೆ ಅನುಕೂಲ ಮಾಡಿಕೊಡಲು ತಂದದ್ದು ಎಂದು ಹಿಂದೂ ಸಂಪ್ರದಾಯಸ್ಥರು ಸಿಟ್ಟಾದರು. ಲಂಡನ್ನಿನಲ್ಲಿ ಮತ ಬದಲಿಸಿದ ರಾಜಕುಮಾರ ಪಟ್ಟ ಕಳೆದುಕೊಳ್ಳುತ್ತಾನೆ, ಕಲ್ಕತ್ತೆಯಲ್ಲಿ ಮತ ಬದಲಿಸಿದ ಮಗ ಆಸ್ತಿ ಕಳೆದುಕೊಳ್ಳುವುದಿಲ್ಲ!

ಅದಾಗಿ ಎರಡೇ ವರ್ಷಕ್ಕೆ, 1834ರಲ್ಲಿ ಕಂಪನಿ ಪದಚ್ಯುತಗೊಳಿಸಿದ್ದ ಕೊಡಗಿನ ಚಿಕ್ಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯ ಬಳಿ ಉಳಿದಿದ್ದ ಹಣಕ್ಕಾಗಿ ದಾವೆ ಹೂಡುವುದು ಅವನ ಒಂದು ಉದ್ದೇಶ. 1852ರಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನವಾಯಿತು. ಧರ್ಮಮಾತೆಯಾಗಿ ನಿಂತವಳು ರಾಣಿ ವಿಕ್ಟೋರಿಯಾ, ತನ್ನ ಹೆಸರನ್ನೇ ಹುಡುಗಿಗೆ ಕೊಟ್ಟಳು. ಹಾಲೇರಿ ಲಿಂಗಾಯತ ಅರಸುಮನೆಯ ಹುಡುಗಿಯ ಮತಾಂತರಕ್ಕೆ ಸಾಕ್ಷಿಯಾದ ಅದೇ ರಾಣಿ, ತಾನು ರೋಮ್ ಕಡೆಗೆ ಒಂದು ಹೆಜ್ಜೆ ಇಟ್ಟರೂ ಸಿಂಹಾಸನದಿಂದ ಇಳಿಯಬೇಕಿತ್ತು.

ಅರ್ಧ ತೆರೆದ ಬಾಗಿಲು

ಬ್ರಿಟನ್ನಿನಲ್ಲಿ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆದವು. ಕ್ಯಾಥೊಲಿಕರು 1829ರಲ್ಲಿ, ಯಹೂದಿಗಳು 1858ರಲ್ಲಿ ಸಂಸತ್ತಿಗೆ ಬಂದರು. 2023ರ ಮೇ 6ರಂದು ಚಾರ್ಲ್ಸ್ ಪಟ್ಟಾಭಿಷೇಕದಲ್ಲಿ ಬೈಬಲ್ ಭಾಗ ಓದಿದವರು ಭಗವದ್ಗೀತೆಯ ಮೇಲೆ ಪ್ರಮಾಣ ಮಾಡಿ ಸಂಸದರಾದ ಅಂದಿನ ಪ್ರಧಾನಿ, ನಮ್ಮ ಅಕ್ಷತಾ ಮೂರ್ತಿಯವರ ಪತಿ ರಿಷಿ ಸುನಕ್. ಅದೇ ಸಮಾರಂಭದಲ್ಲಿ ದೊರೆ ತಾನು ನಿಷ್ಠಾವಂತ ಪ್ರಾಟೆಸ್ಟೆಂಟ್ ಎಂದು ಘೋಷಿಸಬೇಕಾಯಿತು.

ಕಾನೂನು ತಿದ್ದುವುದು ಸುಲಭವಿರಲಿಲ್ಲ. ಸ್ಕಾಟ್ಲೆಂಡಿನ ಸಂಸತ್ತು 1999ರಲ್ಲಿ ಈ ತಾರತಮ್ಯ ಹೋಗಬೇಕೆಂದು ನಿರ್ಣಯ ಮಾಡಿತು. ಕೆನಡಾದಲ್ಲಿ ಸಮಾನತೆಯ ಹಕ್ಕು ಮುಂದಿಟ್ಟು ಕೋರ್ಟಿಗೆ ಹೋದವರಿಗೆ 2003ರಲ್ಲಿ ಸೋಲಾಯಿತು: ಪಟ್ಟದ ನಿಯಮ ಸಂವಿಧಾನದ್ದೇ ಭಾಗ, ಸಂವಿಧಾನದ ಒಂದು ಭಾಗದಿಂದ ಇನ್ನೊಂದನ್ನು ಹೊಡೆಯಲಾಗದು ಎಂದರು ನ್ಯಾಯಾಧೀಶರು. ಒಬ್ಬರೇ ದೊರೆಯನ್ನು ಹಂಚಿಕೊಂಡಿದ್ದ ಹದಿನಾರು ದೇಶಗಳು 2011ರ ಅಕ್ಟೋಬರ್‌ನಲ್ಲಿ ಪರ್ತ್‌ನಲ್ಲಿ ಒಪ್ಪಿಕೊಂಡ ಮೇಲೆಯೇ ಕೆಲಸ ಮುಂದೆ ಸಾಗಿತು. 2013ರ ಕಾಯ್ದೆ 2015ರ ಮಾರ್ಚ್ 26ರಂದು ಜಾರಿಗೆ ಬಂತು. ತಮ್ಮ ಹುಟ್ಟಿದರೂ ಅಕ್ಕ ಹಿಂದೆ ಸರಿಯಬೇಕಿಲ್ಲ. ಕ್ಯಾಥೊಲಿಕರನ್ನು ಮದುವೆಯಾದರೂ ಸರದಿ ತಪ್ಪುವುದಿಲ್ಲ. ಮೈಕೆಲ್ ತಮ್ಮ ಸ್ಥಾನ ಮರಳಿ ಪಡೆದರು. ಸ್ವತಃ ಕ್ಯಾಥೊಲಿಕ್ ಆದವರಿಗೆ ಮಾತ್ರ ಬಾಗಿಲು ಮುಚ್ಚಿಯೇ ಇದೆ.

ಅದನ್ನು ತೆರೆಯದಿರಲು ಕಾರಣವಿದೆ. ದೊರೆ ಚರ್ಚ್ ಆಫ್ ಇಂಗ್ಲೆಂಡಿನ ಪರಮಾಧಿಕಾರಿ. ಆ ಸಭೆಯ ಮುಖ್ಯಸ್ಥರೇ ಪೋಪರ ಅನುಯಾಯಿಯಾಗುವುದು ಹೇಗೆ? ದೊರೆಗೆ ಮತಸ್ವಾತಂತ್ರ್ಯ ಕೊಡಬೇಕಾದರೆ ಮೊದಲು ಚರ್ಚಿಗೂ ಸರ್ಕಾರಕ್ಕೂ ಇರುವ ಗಂಟು ಬಿಚ್ಚಬೇಕು. ಅದಕ್ಕೆ ಕೈಹಾಕುವ ಧೈರ್ಯ ಯಾವ ಸರ್ಕಾರವೂ ತೋರಿಲ್ಲ.

ಆದರೆ 2013ರ ತಿದ್ದುಪಡಿಯೇ ಆ ದಿನವನ್ನು ಹತ್ತಿರ ತರಬಹುದು. ಭಾವಿ ದೊರೆ ಈಗ ಕ್ಯಾಥೊಲಿಕರನ್ನು ಮದುವೆಯಾಗಬಹುದು. ಅಂಥ ಮದುವೆಯಲ್ಲಿ ಮಕ್ಕಳನ್ನು ತನ್ನ ಪಂಥದಲ್ಲೇ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುವುದಾಗಿ ಕ್ಯಾಥೊಲಿಕ್ ಸಂಗಾತಿಯಿಂದ ರೋಮ್ ಮಾತು ತೆಗೆದುಕೊಳ್ಳುತ್ತದೆ. ತಾಯಿ ಆ ಮಾತು ಉಳಿಸಿಕೊಂಡರೆ ಮಗು ಪಟ್ಟ ಕಳೆದುಕೊಳ್ಳುತ್ತದೆ. ಪಟ್ಟ ಉಳಿಯಬೇಕಾದರೆ ತಾಯಿ ಮಾತು ತಪ್ಪಬೇಕು. ಮದುವೆಯ ಮನೆಯಿಂದ ತೆಗೆದ ಬೇಲಿಯನ್ನು ಕಾನೂನು ತೊಟ್ಟಿಲ ಪಕ್ಕಕ್ಕೆ ಸರಿಸಿದೆ ಅಷ್ಟೆ. ವಿಲಿಯಂರ ಮಕ್ಕಳಲ್ಲಿ ಒಬ್ಬರು ಅಂಥ ಮದುವೆ ಮಾಡಿಕೊಂಡರೂ ಸಾಕು, 1701ರ ಪ್ರಶ್ನೆ ಮತ್ತೆ ಸಂಸತ್ತಿನ ಮೇಜಿಗೆ ಬರುತ್ತದೆ. ಆಗ ಲೂಯಿಯ ಸೈನ್ಯದ ಭಯ ಇರುವುದಿಲ್ಲ. ಚರ್ಚಿಗೆ ರಾಜನೇ ಬೇಕೆ ಎಂದು ಸಂಸತ್ತು ನೇರವಾಗಿ ಉತ್ತರಿಸಬೇಕಾಗುತ್ತದೆ.