ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದೀರಾ?

ಮುಂಬಾಗಿಲಿಗೆ ಎರಡೆರಡು ಬೀಗ ಜಡಿದು ಊರಿಗೆ ಹೋದವರ ಮನೆಗೆ ಕಳ್ಳ ನುಗ್ಗುವುದು ಹಿತ್ತಿಲ ಕಡೆಯಿಂದ. ಕಂಪ್ಯೂಟರಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಪಾಸ್‌ವರ್ಡ್ ಎಂಬ ಬೀಗವನ್ನು ಮುರಿಯುವ ಗೋಜಿಗೇ ಹೋಗದೆ, ಯಂತ್ರದೊಳಗೆ ಗುಟ್ಟಾಗಿ ದಾರಿ ಮಾಡಿಕೊಂಡು, ಬೇಕೆಂದಾಗ ಬಂದುಹೋಗಲು ಅನುವು ಮಾಡಿಕೊಡುವ ಕುತಂತ್ರಾಂಶಕ್ಕೆ ‘ಬ್ಯಾಕ್‌ಡೋರ್’ ಎಂಬ ಹೆಸರು ಅನ್ವರ್ಥವೇ ಆಗಿದೆ.

ಇದು ಹೊಸ ಪಿಡುಗೇನಲ್ಲ. 1998ರ ಆಗಸ್ಟ್‌ನಲ್ಲಿ ಅಮೆರಿಕದ ಹ್ಯಾಕರ್ ಬಳಗವೊಂದು ‘ಬ್ಯಾಕ್ ಆರಿಫಿಸ್’ ಎಂಬ ತಂತ್ರಾಂಶವನ್ನು ಬಹಿರಂಗವಾಗಿಯೇ ಬಿಡುಗಡೆ ಮಾಡಿ, ವಿಂಡೋಸ್ ಕಂಪ್ಯೂಟರನ್ನು ದೂರದಿಂದಲೇ ಆಳಬಹುದೆಂದು ತೋರಿಸಿತ್ತು. 2004ರಲ್ಲಿ ಇ-ಮೇಲ್ ಲಗತ್ತಿನ ಬೆನ್ನೇರಿ ಜಗತ್ತನ್ನೇ ಸುತ್ತಿದ ‘ಮೈಡೂಮ್’, ಹೋದಲ್ಲೆಲ್ಲ ಒಂದೊಂದು ಕಳ್ಳಗಿಂಡಿಯನ್ನು ತೆರೆದಿಟ್ಟಿತು. 2024ರ ಮಾರ್ಚ್‌ನಲ್ಲಿ ಲಿನಕ್ಸ್ ಲೋಕ ಬಳಸುವ ‘ಎಕ್ಸ್‌ಝಡ್’ ತಂತ್ರಾಂಶದಲ್ಲಿ ಇಂಥದೇ ಬಾಗಿಲು ಪತ್ತೆಯಾಯಿತು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಬಯಲಿಗೆಳೆದರು. ದುಬಾರಿ ಉಪಕರಣಕ್ಕಿಂತ ಗಮನಿಸುವ ಕಣ್ಣು ದೊಡ್ಡದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಮನೆಯ ಯಂತ್ರಕ್ಕೆ ಇದು ಬರುವ ದಾರಿಯಾದರೂ ಯಾವುದು? ಬಹುಪಾಲು ನಾವೇ ಕರೆತಂದದ್ದು. ಪುಕ್ಕಟೆ ಸಿಗುವ ‘ಕ್ರ್ಯಾಕ್’ ತಂತ್ರಾಂಶ, ಬಿಲ್ಲಿನ ವೇಷ ತೊಟ್ಟ ಇ-ಮೇಲ್ ಲಗತ್ತು, ಯಾರದೋ ಪೆನ್‌ಡ್ರೈವ್. ಒಳಹೊಕ್ಕ ಮೇಲೆ ಅದು ಗದ್ದಲ ಮಾಡುವುದಿಲ್ಲ. ಒತ್ತಿದ ಕೀಲಿಗಳನ್ನು ಬರೆದುಕೊಳ್ಳುತ್ತದೆ, ಕಡತಗಳನ್ನು ಸಾಗಿಸುತ್ತದೆ, ಕ್ಯಾಮೆರಾ ತೆರೆಯುತ್ತದೆ.

ಆದರೆ ಎಷ್ಟೇ ಚತುರ ಕಳ್ಳನಾದರೂ ಎರಡು ಕೆಲಸಗಳನ್ನು ಸಾಮಾನ್ಯವಾಗಿ ತಪ್ಪಿಸಿಕೊಳ್ಳಲಾರ. ಒಂದು, ತನ್ನ ಯಜಮಾನನೊಡನೆ ಮಾತಾಡುವುದು. ಇನ್ನೊಂದು, ಯಂತ್ರ ಮತ್ತೆ ಚಾಲೂ ಆದಾಗ ತಾನೂ ಎದ್ದು ಕೂರುವುದು. ಪತ್ತೆಗೆ ಈ ಎರಡೇ ಎಳೆ. ವಿಂಡೋಸಿನ ‘ರಿಸೋರ್ಸ್ ಮಾನಿಟರ್’ ತೆರೆದರೆ ಯಾವ ತಂತ್ರಾಂಶ ಯಾವ ವಿಳಾಸದೊಡನೆ ಸಂಪರ್ಕದಲ್ಲಿದೆ ಎಂಬುದು ಕಾಣುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ‘ಆಟೋರನ್ಸ್’, ಯಂತ್ರದೊಡನೆ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯನ್ನು ಮುಂದಿಡುತ್ತದೆ. ಆದರೆ ಅವಸರ ಸಲ್ಲದು. ‘ಎಸ್‌ವಿಸಿಹೋಸ್ಟ್’ ವಿಂಡೋಸಿನದೇ ಅಂಗ. ಅದೇ ಹೆಸರಿನ ಕಡತ ತಾತ್ಕಾಲಿಕ ಫೋಲ್ಡರಿನಲ್ಲಿ ಅಡಗಿದ್ದರೆ ಮಾತ್ರ ಸಂಶಯಕ್ಕೆ ಆಸ್ಪದ. ಆ್ಯಂಟಿವೈರಸ್ ತಾನಾಗಿ ನಿಷ್ಕ್ರಿಯವಾಗಿದ್ದರೂ ಎಚ್ಚರಗೊಳ್ಳಬೇಕು.

ಸಂಶಯ ಬಲವಾದೊಡನೆ ಮಾಡಬೇಕಾದ ಮೊದಲ ಕೆಲಸ ಇಂಟರ್‌ನೆಟ್ ಸಂಪರ್ಕ ಕಡಿಯುವುದು. ಬಳಿಕ ‘ಡಿಫೆಂಡರ್ ಆಫ್‌ಲೈನ್’ ತಪಾಸಣೆ ನಡೆಸಬೇಕು. ಇದು ವಿಂಡೋಸ್ ಏಳುವ ಮೊದಲೇ ಶೋಧಿಸುವುದರಿಂದ, ಓಡುತ್ತಿರುವಾಗ ತಲೆಮರೆಸಿಕೊಳ್ಳುವ ಕುತಂತ್ರಾಂಶವೂ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಅನೇಕರು ಇಲ್ಲಿಗೇ ನಿಟ್ಟುಸಿರು ಬಿಡುತ್ತಾರೆ. ನಿಜವಾದ ತಪ್ಪು ಆಗುವುದೇ ಇಲ್ಲಿ. ಒಬ್ಬ ಕಳ್ಳನನ್ನು ಹೊರಹಾಕಿದ ಮಾತ್ರಕ್ಕೆ ಆತ ಮಾಡಿಸಿಟ್ಟುಕೊಂಡ ನಕಲಿ ಕೀಲಿಗಳು ಮರಳಿ ಬರುವುದಿಲ್ಲ. ಇನ್ನೇನನ್ನು ಬಿಟ್ಟುಹೋಗಿದ್ದಾನೋ ಬಲ್ಲವರಿಲ್ಲ. ಆದ್ದರಿಂದ ದಾಖಲೆ, ಚಿತ್ರಗಳನ್ನಷ್ಟೇ ಉಳಿಸಿಕೊಂಡು, ಬೇರೆ ಶುದ್ಧ ಯಂತ್ರದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಿಂದ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದೇ ಕ್ಷೇಮ. ಪಾಸ್‌ವರ್ಡುಗಳನ್ನೂ ಬೇರೆ ಯಂತ್ರದಿಂದಲೇ ಬದಲಿಸಬೇಕು, ಎಲ್ಲ ಖಾತೆಗಳಿಂದ ಒಮ್ಮೆ ಹೊರಬರಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಉಚಿತ ಉಪಕರಣಗಳ ನೆರವನ್ನೂ ಪಡೆಯಬಹುದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕೂ ಹಳೆಯ ಆವೃತ್ತಿಗಳನ್ನೇ ನೆಚ್ಚಿಕೊಂಡ ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಅಂಥ ಒಂದೇ ಯಂತ್ರದಲ್ಲಿ ಯಾರ ಯಾರದೋ ಆಧಾರ್ ಪ್ರತಿ, ಪಹಣಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ಗಳು ಅಳಿಸದೆ ಉಳಿದಿರುತ್ತವೆ. ಮುದ್ರಣವಾದೊಡನೆ ಅವನ್ನು ಅಳಿಸುವಂತೆ ಕೇಳುವುದು ಗಿರಾಕಿಯ ಹಕ್ಕು, ಅಳಿಸುವುದು ಅಂಗಡಿಯವರ ಹೊಣೆ. ನಮ್ಮ ಮನೆಯ ಹಿತ್ತಿಲ ಬಾಗಿಲು ತೆರೆದಿದ್ದರೆ ನಷ್ಟ ನಮ್ಮದು. ಹತ್ತು ಜನ ನಂಬಿ ಗಂಟು ಇಟ್ಟುಹೋದ ಮನೆಯ ಬಾಗಿಲು ತೆರೆದಿದ್ದರೆ ಅದನ್ನು ಬರಿಯ ಅಜಾಗ್ರತೆ ಎನ್ನಲಾದೀತೆ?