ಪವರ್ ಟಿಲ್ಲರಿನ ಸ್ಟಿಯರಿಂಗ್ ಕೇಬಲ್: ಜೋಡಣೆ ಮತ್ತು ದೋಷ ನಿವಾರಣೆ

ನಾಟಿಗೆ ಬಂದ ಆಳುಗಳು ಬದುವಿನ ಮೇಲೆ ಕಾದಿರುವಾಗ ಪವರ್ ಟಿಲ್ಲರ್ ಗದ್ದೆಯ ಮೂಲೆಯಲ್ಲಿ ತಿರುಗದೆ ಹೋದರೆ ರೈತನ ಪಾಡು ಹೇಳತೀರದು. ಗೇರ್ ಬಾಕ್ಸೇ ಕೆಟ್ಟಿತೆಂದು ಬಿಚ್ಚಿಸುವ ಮೊದಲು ಸ್ಟಿಯರಿಂಗ್ ಕೇಬಲನ್ನು ಪರೀಕ್ಷಿಸುವುದು ಲೇಸು.

ಕೆಲಸದ ರೀತಿ

ಎರಡು ಹಿಡಿಗಳಲ್ಲೂ ಒಂದೊಂದು ಸ್ಟಿಯರಿಂಗ್ ಕ್ಲಚ್ ಲಿವರ್ ಇರುತ್ತದೆ. ಎಡ ಲಿವರನ್ನು ಅದುಮಿದರೆ ಕೇಬಲ್ ಎಳೆಯಲ್ಪಟ್ಟು, ಎಡ ಚಕ್ರಕ್ಕೆ ಹೋಗುವ ಶಕ್ತಿ ನಿಲ್ಲುತ್ತದೆ. ಬಲ ಚಕ್ರ ಮಾತ್ರ ನಡೆಯುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ.

ದೋಷಗಳು ಮತ್ತು ಪರಿಹಾರ

1. ಲಿವರ್ ಅದುಮಿದರೂ ತಿರುಗದಿರುವುದು: ಕೇಬಲ್ ಸಡಿಲಗೊಂಡಿರಬಹುದು ಅಥವಾ ಅದರ ತುದಿ ಕಳಚಿರಬಹುದು. ಲಾಕ್ ನಟ್ ಸಡಿಲಿಸಿ, ಹೊಂದಾಣಿಕೆ ತಿರುಪನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಬಿಗಿಗೊಳಿಸಬೇಕು. ಲಿವರಿನಲ್ಲಿ ಕೈಪಿಡಿ ಹೇಳುವಷ್ಟು ಸಡಿಲ ಉಳಿದಿರಲೇಬೇಕು. ಅತಿ ಬಿಗಿಯಾದರೆ ಕ್ಲಚ್ಚಿನ ಹಲ್ಲುಗಳು ಪೂರ್ತಿ ಕೂಡದೆ ಸವೆಯುತ್ತವೆ.

2. ಲಿವರ್ ಬಿಟ್ಟರೂ ಹಿಂದಕ್ಕೆ ಬಾರದಿರುವುದು: ಕೆಸರುನೀರು ಹೊದಿಕೆಯೊಳಗೆ ಇಳಿದು ತುಕ್ಕು ಹಿಡಿದಿರಬಹುದು. ಮೇಲಿನ ತುದಿ ಕಳಚಿ, ತೆಳು ಎಣ್ಣೆ ಹನಿಸಿ, ತಂತಿಯನ್ನು ಹಿಂದೆಮುಂದೆ ಆಡಿಸಬೇಕು. ಸ್ಪ್ರಿಂಗನ್ನೂ ನೋಡಬೇಕು.

3. ತಂತಿಯ ಎಳೆಗಳು ಬಿಚ್ಚಿರುವುದು: ಒಂದೆರಡು ಎಳೆ ಕಡಿದಿದ್ದರೂ ಕೇಬಲ್ ಬದಲಿಸಬೇಕು. ಬೇಲಿ ತಂತಿಯಿಂದ ಕಟ್ಟಿ ನಡೆಸುವುದು ಅಪಾಯಕರ.

ಕೇಬಲ್ ಸರಿಯಿದ್ದೂ ಯಂತ್ರ ತಿರುಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಹೊಸ ಕೇಬಲ್ ಜೋಡಣೆ

ಎಂಜಿನ್ ನಿಲ್ಲಿಸಿ, ಯಂತ್ರವನ್ನು ಸಮನೆಲದಲ್ಲಿಡಿ. ಅದೇ ಮಾದರಿಯ, ಅದೇ ಉದ್ದದ ಕೇಬಲನ್ನು ಹಳೆಯದು ಹೋಗಿದ್ದ ದಾರಿಯಲ್ಲೇ ಹಾಯಿಸಿ. ಚೂಪಾದ ಮಡಿಕೆ ಬೀಳಬಾರದು. ಹೊಗೆ ಕೊಳವೆಗೂ ಬೆಲ್ಟಿಗೂ ತಾಗಬಾರದು. ನಂತರ ಬಯಲಿನಲ್ಲಿ ಕಡಿಮೆ ಗೇರಿನಲ್ಲಿ ಎರಡೂ ಕಡೆ ತಿರುಗಿಸಿ ಪರೀಕ್ಷಿಸಿ.

ಇಳಿಜಾರಿನಲ್ಲಿ ಎಚ್ಚರ

ಕೇಬಲ್ ಎಷ್ಟು ಚೆನ್ನಾಗಿದ್ದರೂ ಈ ಮಾತನ್ನು ಮರೆಯಬಾರದು. ಕಡಿದಾದ ಇಳಿಜಾರಿನಲ್ಲಿ ಎಡ ಲಿವರ್ ಅದುಮಿದರೆ ಎಡ ಚಕ್ರ ತಡೆಯಿಲ್ಲದೆ ಮುಂದೋಡುತ್ತದೆ. ಬಲ ಚಕ್ರವನ್ನು ಎಂಜಿನ್ ಹಿಡಿದಿರುವುದರಿಂದ ಯಂತ್ರ ಬಲಕ್ಕೆ ನುಗ್ಗುತ್ತದೆ! ಹೇರು ತುಂಬಿದ ಟ್ರೇಲರಿನೊಡನೆ ಇಳಿಯುವಾಗ ಇದು ಪ್ರಾಣಕ್ಕೇ ಮುಳುವಾದೀತು. ಆದುದರಿಂದ ಇಳಿಯುವ ಮೊದಲೇ ಕಡಿಮೆ ಗೇರ್ ಹಾಕಿ, ಎಂಜಿನ್ ವೇಗ ತಗ್ಗಿಸಿ, ಲಿವರುಗಳನ್ನು ಮುಟ್ಟದೆ ಹಿಡಿಗಳಿಂದಲೇ ದಿಕ್ಕು ಬದಲಿಸಬೇಕು. ಟಿಲ್ಲರ್ ನಡೆಸಲು ಕಲಿಯುತ್ತಿರುವ ನಿಮ್ಮ ಮನೆಯ ಹುಡುಗರಿಗೆ ಇದನ್ನು ಮೊದಲು ಹೇಳಿಕೊಡಿ.